ಮೂರು ವರ್ಷಕ್ಕೊಮ್ಮೆ ಬರುವ ಬಂಡಿ

ಹದಿನೇಳನೇ ಶತಮಾನದಲ್ಲಿ ಸ್ಪೇನಿನವರು ಆಳುತ್ತಿದ್ದ, ಈಗ ಅಮೆರಿಕದಲ್ಲಿರುವ ನ್ಯೂ ಮೆಕ್ಸಿಕೋದಲ್ಲಿ ನಡೆಯುವ ಒಂದು ಪ್ರೇಮಕತೆ ಬರೆಯಲು ಕೂತೆ. ಮೊದಲ ಅಧ್ಯಾಯದಲ್ಲೇ ಎಡವಟ್ಟು. ನಾಯಕ ಮೆಕ್ಸಿಕೋ ನಗರದಿಂದ ಕಾಗದ ಬರೆಯುತ್ತಾನೆ, ಮುಂದಿನ ಪುಟದಲ್ಲಿ ನಾಯಕಿ ನ್ಯೂ ಮೆಕ್ಸಿಕೋದ ರಾಜಧಾನಿ ಸಾಂತಾ ಫೆಯ ಮನೆಯಲ್ಲಿ ಗಾಜಿನ ಕಿಟಕಿ ಪಕ್ಕ ಕೂತು ಓದುತ್ತಾಳೆ.

ಆ ಗಡಿನಾಡಿಗೆ ಮೆಕ್ಸಿಕೋ ನಗರದಿಂದ ಸಾಮಾನಿನ ಬಂಡಿಗಳು ಬರುತ್ತಿದ್ದದ್ದೇ ಸುಮಾರು ಮೂರು ವರ್ಷಕ್ಕೊಮ್ಮೆ. ದಾರಿ 2,500 ಕಿಲೋಮೀಟರಿಗೂ ಜಾಸ್ತಿ, ತಲುಪಲು ಆರು ತಿಂಗಳು. ಇನ್ನು ಕಿಟಕಿಗೆ ಗಾಜೆಲ್ಲಿಂದ ಬರಬೇಕು? ಸೆಲೆನೈಟ್ ಅನ್ನುವ ಕಲ್ಲನ್ನು ತೆಳ್ಳಗೆ ಸೀಳಿ ಕೂರಿಸುತ್ತಿದ್ದರು. ಬೆಳಕು ಒಳಗೆ ಬರುತ್ತದೆ, ಆದರೆ ಹೊರಗೆ ನಿಂತವನ ಮುಖ ಮಸುಕು. ನನಗೆ ಇದೇ ಒಳ್ಳೆಯದಾಯಿತು! ಬಂದವನು ಯಾರು ಅಂತ ಅವಳಿಗೆ ಹೆಜ್ಜೆ ಸದ್ದಿನಿಂದಲೇ ಗೊತ್ತಾಗಬೇಕು.

ಮಣ್ಣಿನ ಮನೆ ಬಗ್ಗೆ ಮಾತ್ರ ಜಾಸ್ತಿ ಹುಡುಕಲಿಲ್ಲ. ಅಲ್ಲಿ ಗೋಡೆಗೆ ಮಣ್ಣು ಮೆತ್ತುವುದು ಹೆಂಗಸರ ಕೆಲಸ. ನಮ್ಮಜ್ಜಿ ಅಂಗೈಯಲ್ಲಿ ಗೋಡೆ ಸವರುತ್ತಿದ್ದದ್ದು ನೆನಪಿತ್ತು, ಬರೆದೆ.

ನಿಜವಾದ ಕಷ್ಟ ನಾಯಕಿಯದು. ಮೊದಲು ಅವಳನ್ನು ಅಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೋ ಜನರ ಹುಡುಗಿ ಮಾಡಿದ್ದೆ, ಸೈನಿಕನ ಮನೆ ಕೆಲಸದವಳು. ನಲವತ್ತು ಪುಟ ಆಗಿತ್ತು. ಆಮೇಲೆ ಅಲ್ಲಿನ ಕಂದಾಯದ ಕತೆ ಓದಿದೆ. ಪ್ವೆಬ್ಲೋ ಜನರ ಪ್ರತಿ ಮನೆಯವರೂ ಸ್ಪೇನಿನವರಿಗೆ ಮೆಕ್ಕೆಜೋಳ ಕೊಡಬೇಕು, ಜೊತೆಗೆ ಹತ್ತಿ ಬಟ್ಟೆಯನ್ನೋ ಚರ್ಮವನ್ನೋ ಕೊಡಬೇಕು. ಬಿಟ್ಟಿ ದುಡಿಮೆ ಬೇರೆ. ಬೇಡ ಅನ್ನಲು ಆಗದವಳು ಹೂಂ ಅಂದರೆ ಅದು ಪ್ರೀತಿ ಅಲ್ವಲ್ಲ? ನಲವತ್ತು ಪುಟವನ್ನೂ ಹರಿದು ಹಾಕಿದೆ. ಹೊಸ ನಾಯಕಿ ಸ್ಪ್ಯಾನಿಷ್ ವಿಧವೆ. ಸ್ಪೇನಿನ ಕಾನೂನಿನಲ್ಲಿ ಹೆಣ್ಣಿನ ವರದಕ್ಷಿಣೆ ಅವಳದೇ ಆಸ್ತಿ, ಉಯಿಲು ಕೂಡ ಬರೆಯಬಹುದಿತ್ತು. ಇವಳು ಬೇಡ ಅನ್ನಬಲ್ಲಳು. ಎರಡು ಸಲ ಅಂದಳು ಕೂಡ.

ನಾಯಕನನ್ನು 1677ರಲ್ಲಿ ಬಂದ ಬಂಡಿಗಳ ಜೊತೆ ವಾಪಸ್ ಕಳಿಸಿದೆ. ಅವನು ಬರಬೇಕಾದದ್ದು 1680ಕ್ಕೆ. ಅದೇ ವರ್ಷ ಆಗಸ್ಟಿನಲ್ಲಿ ಪ್ವೆಬ್ಲೋ ಜನ ತಿರುಗಿಬಿದ್ದರು. ಪೋಪೇ ಅನ್ನುವ ಮುಖಂಡ ಊರೂರಿಗೆ ಗಂಟು ಹಾಕಿದ ಹಗ್ಗ ಕಳಿಸಿದ್ದ. ದಿನಕ್ಕೊಂದು ಗಂಟು ಬಿಚ್ಚಬೇಕು, ಮುಗಿದ ದಿನ ದಂಗೆ. ಹಗ್ಗ ಒಯ್ಯುತ್ತಿದ್ದ ಇಬ್ಬರು ಸಿಕ್ಕಿಬಿದ್ದರು. ಹಾಗಾಗಿ ದಿನ ಹಿಂದಕ್ಕೆ ಬಂತು, 10ನೇ ತಾರೀಕಿಗೇ ಶುರುವಾಯಿತು. ಮುತ್ತಿಗೆ ಹಾಕಿದವರು ಸಾಂತಾ ಫೆಗೆ ನೀರು ಬರುತ್ತಿದ್ದ ಕಾಲುವೆ ಕಡಿದರು. 21ಕ್ಕೆ ಸ್ಪೇನಿನವರು ಊರು ಬಿಟ್ಟು ದಕ್ಷಿಣಕ್ಕೆ ಹೊರಟರು.

ಆ ವರ್ಷದ ಬಂಡಿಗಳು ಆಗ ದಕ್ಷಿಣದ ಎಲ್ ಪಾಸೋ ಹತ್ತಿರ ಇದ್ದವಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳು ಕೆಳಗೆ ನಡೆದು ಬರುತ್ತಿದ್ದಾಳೆ, ಅವನು ಮೇಲೆ ಹೋಗುತ್ತಿದ್ದಾನೆ. ಕೊನೆಯ ಅಧ್ಯಾಯ ಬೆಳಗಿನ ಹೊತ್ತಿಗೆ ಮುಗಿಯಿತು.