ಗೋಡೆ ಮೇಲೆ ಎರಡು ಫೋಟೋ, ಪತ್ರದಲ್ಲಿ ಏಳು ಸಹಿ: ವಿಲ್ ಇಲ್ಲದ ಮನೆ ಕೊಂಡ ನನ್ನ ಅನುಭವ

ಬನಶಂಕರಿ ಮೂರನೇ ಹಂತದಲ್ಲಿ ಇಪ್ಪತ್ತು ಮೂವತ್ತರ ಸೈಟು. ಅದರಲ್ಲಿ ಒಂದು ಹಳೇ ಮನೆ. ರೆಡ್ ಆಕ್ಸೈಡ್ ನೆಲ, ಬಾಗಿಲ ಮುಂದೆ ಪಾರಿಜಾತದ ಗಿಡ. 2024ರ ದಸರಾ ಮುಗಿದ ವಾರ ಬ್ರೋಕರ್ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ನಮ್ಮ ಮನೆಯವರಿಗೆ ನೋಡಿದ ತಕ್ಷಣ ಹಿಡಿಸಿತು.

ಮನೆ ಯಜಮಾನರು ತೀರಿಹೋಗಿದ್ದರು. ಅಜ್ಜಿ ಇದ್ದರು. ಹಿರಿ ಮಗ ಮಾತಿಗೆ ಕೂತರು. "ಅಪ್ಪ ವಿಲ್ ಬರೆದಿಲ್ಲ ಮೇಡಂ. ಆದ್ರೆ ಖಾತೆ ಅಮ್ಮನ ಹೆಸರಿಗೆ ಆಗಿದೆ. ಅಮ್ಮ ಸೈನ್ ಹಾಕಿದ್ರೆ ಮುಗೀತು. ಬೇಕಾದ್ರೆ ನಾವು ಅಣ್ಣ ತಮ್ಮ ಸಾಕ್ಷಿ ಹಾಕ್ತೀವಿ" ಅಂದರು. ತಂಗಿಯ ವಿಷಯ ಕೇಳಿದೆ. "ಅವಳ ಮದುವೆಗೆ ಚೆನ್ನಾಗಿ ಖರ್ಚು ಮಾಡಿದ್ದೀವಿ, ಅವಳದ್ದೇನೂ ತಕರಾರಿಲ್ಲ" ಅಂದರು. ಅವರ ಮಾತಲ್ಲಿ ಮೋಸ ಇರಲಿಲ್ಲ. ಹಾಗೇ ಅಂದುಕೊಂಡಿದ್ದರು, ಅಷ್ಟೇ.

ಹಾಲ್‌ನಲ್ಲಿ ಗಂಧದ ಹಾರ ಹಾಕಿದ ಎರಡು ಫೋಟೋ ಇದ್ದವು. ಒಂದು ಯಜಮಾನರದು. ಇನ್ನೊಂದು ನಲವತ್ತರ ಆಸುಪಾಸಿನ ಹೆಂಗಸಿನದು. "ಇವರು ಯಾರಜ್ಜಿ?" ಅಂತ ಕೇಳಿದೆ. "ದೊಡ್ಡ ಮಗಳು ಕಣಮ್ಮ" ಅಂದರು. ಫೋಟೋ ಕೆಳಗೆ ಜನನ, ಮರಣ ಅಂತ ಸಣ್ಣ ಅಕ್ಷರದಲ್ಲಿ ತಾರೀಕು ಬರೆಸಿದ್ದರು. ಅಪ್ಪ ಹೋದದ್ದು 2015ರಲ್ಲಿ. ಮಗಳು ಹೋದದ್ದು 2019ರಲ್ಲಿ. ಆವತ್ತು ಅದರ ಮಹತ್ವ ನನಗೆ ಗೊತ್ತಿರಲಿಲ್ಲ. ಆದರೆ ಅಲ್ಲಿವರೆಗೆ ಯಾರೂ ಹೇಳದ ಇನ್ನೊಬ್ಬ ಮಗಳು ಇದ್ದರು ಅನ್ನೋದು ಮನಸ್ಸಲ್ಲಿ ಕೂತಿತು.

ಬ್ರೋಕರ್ ಮುಂಗಡಕ್ಕೆ ಅವಸರ ಮಾಡಿದರು. ನಾನು ಒಂದು ರೂಪಾಯಿನೂ ಕೊಡದೆ ದಾಖಲೆಗಳ ಜೆರಾಕ್ಸ್ ತಗೊಂಡು ವಕೀಲರ ಹತ್ತಿರ ಹೋದೆ. ಸಿವಿಲ್ ವ್ಯಾಜ್ಯಗಳನ್ನೇ ಜಾಸ್ತಿ ನೋಡುವ ಹಿರಿಯ ಹೆಂಗಸು ಅವರು. ಮೊದಲು ಕೇಳಿದ್ದು ಮೂಲಪತ್ರ. ಸೈಟು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಹಂಚಿದ್ದು. ಲೀಸ್ ಕಮ್ ಸೇಲ್ ಪತ್ರ, ಸ್ವಾಧೀನ ಪತ್ರ, ಆಮೇಲೆ ಬಿಡಿಎ ಮಾಡಿಕೊಟ್ಟ ಶುದ್ಧ ಕ್ರಯಪತ್ರ, ಮೂರೂ ಯಜಮಾನರ ಹೆಸರಲ್ಲೇ ಇದ್ದವು. ಅಂದರೆ ಇದು ಅವರ ಸ್ವಯಾರ್ಜಿತ. ಪಿತ್ರಾರ್ಜಿತ ಆಗಿದ್ದರೆ ಮೊಮ್ಮಕ್ಕಳ ಹಕ್ಕಿನ ಲೆಕ್ಕವೇ ಬೇರೆ ಆಗುತ್ತಿತ್ತು.

ಆಮೇಲೆ ಖಾತೆ ಬದಿಗಿಟ್ಟರು. "ಖಾತೆ ಇರೋದು ತೆರಿಗೆ ಕಟ್ಟೋಕೆ. ಅದು ಮಾಲೀಕತ್ವ ಕೊಡಲ್ಲ" ಅಂದರು. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಗಂಡಸು ವಿಲ್ ಬರೆಯದೆ ಸತ್ತರೆ ಅವನ ಸ್ವಂತ ಆಸ್ತಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ಹೆತ್ತ ತಾಯಿ ಎಲ್ಲರಿಗೂ ಒಟ್ಟಿಗೆ, ಸಮನಾಗಿ ಹೋಗುತ್ತದೆ. ಮದುವೆ ಆದ ಮಗಳು, ಆಗದ ಮಗಳು ಅನ್ನೋ ಭೇದ ಇಲ್ಲ. ಮದುವೆಗೆ ಎಷ್ಟು ಖರ್ಚಾಯಿತು ಅನ್ನೋದು ಲೆಕ್ಕಕ್ಕೇ ಬರಲ್ಲ.

ಯಜಮಾನರ ತಾಯಿ 2015ರಲ್ಲಿ ಬದುಕಿದ್ದರಾ ಅಂತ ವಕೀಲರು ಕೇಳಿದಾಗ ನಾನು ಬೆಪ್ಪಾದೆ. ಬದುಕಿದ್ದರೆ ಅವರಿಗೂ ಒಂದು ಪಾಲು, ಆಮೇಲೆ ಆ ಪಾಲು ಅವರ ಎಲ್ಲ ಮಕ್ಕಳಿಗೆ. ಪುಣ್ಯಕ್ಕೆ ಅವರು ಮೊದಲೇ ಹೋಗಿದ್ದರು. ಆ ಮರಣ ಪತ್ರವನ್ನೂ ತರಿಸಿದೆವು.

ಹಾಗಾಗಿ ಐದು ಪಾಲು: ಅಜ್ಜಿ, ಇಬ್ಬರು ಗಂಡು ಮಕ್ಕಳು, ಇಬ್ಬರು ಹೆಣ್ಣು ಮಕ್ಕಳು. ಈಗ ತೀರಿಹೋದ ಮಗಳ ಪಾಲು ಯಾರಿಗೆ? ವಕೀಲರು ಎರಡು ಮರಣ ಪತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ತಾರೀಕಿನ ಮೇಲೆ ಪೆನ್ನು ಊರಿದರು. ಮಗಳು ಅಪ್ಪನಿಗಿಂತ ಮೊದಲೇ ಹೋಗಿದ್ದರೆ ಆ ಪಾಲು ನೇರವಾಗಿ ಅವರ ಮಕ್ಕಳಿಗೆ ಬರುತ್ತಿತ್ತು, ಅಳಿಯನಿಗೆ ಏನೂ ಇಲ್ಲ. ಇಲ್ಲಿ ಹಾಗಲ್ಲ. ಅಪ್ಪ ಸತ್ತ ಗಳಿಗೆಯಲ್ಲೇ ಐದನೇ ಒಂದು ಪಾಲು ಆಕೆಯದಾಯಿತು. ನಾಲ್ಕು ವರ್ಷ ಆದಮೇಲೆ ಆಕೆ ಸತ್ತಾಗ ಅದು ಆಕೆಯ ಇಬ್ಬರು ಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಯಿತು. ಒಬ್ಬೊಬ್ಬರಿಗೆ ಹದಿನೈದರಲ್ಲಿ ಒಂದು ಭಾಗ. ಗಂಡ ಇನ್ನೊಂದು ಮದುವೆ ಆಗಿದ್ದರು. ಆದರೂ ಹಕ್ಕು ಹೋಗಲ್ಲ.

ಅಲ್ಲಿಗೆ ಒಂದು ಸಹಿ ಏಳು ಸಹಿ ಆಯಿತು.

ಒಬ್ಬರನ್ನು ಬಿಟ್ಟರೆ ಏನಾಗುತ್ತೆ ಅಂತ ಕೇಳಿದೆ. ಸಹಿ ಹಾಕಿದವರ ಪಾಲು ಮಾತ್ರ ನಿಮಗೆ ಬರುತ್ತೆ ಅಂದರು. ಬಿಟ್ಟವರ ಪಾಲು ಅವರದಾಗೇ ಉಳಿಯುತ್ತೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕುಟುಂಬ ವಾಸವಿರುವ ಮನೆಯಲ್ಲಿ ಹೊರಗಿನವರು ಒಂದು ಪಾಲು ಕೊಂಡರೆ ಆ ಮನೆಯೊಳಗೆ ಜಂಟಿಯಾಗಿ ಇರುವ ಹಕ್ಕು ಸಿಗಲ್ಲ. ಪಾಲು ವಿಭಾಗಕ್ಕೆ ದಾವಾ ಹೂಡಬೇಕು. ಸಾಲ ಮಾಡಿ ಮನೆ ತಗೊಂಡು, ಕಂತು ಕಟ್ಟುತ್ತಾ ಕೋರ್ಟಿಗೆ ಅಲೆಯೋದು ಅಂದರೆ ಯೋಚನೆ ಮಾಡಿ.

ಬ್ರೋಕರ್ ಇದಕ್ಕೆ ಒಂದು ಸುಲಭ ದಾರಿ ಹೇಳಿದರು: ಕೋರ್ಟಿಂದ ಸಕ್ಸೆಷನ್ ಸರ್ಟಿಫಿಕೇಟ್ ತಂದುಬಿಟ್ಟರೆ ಆಯ್ತು ಅಂತ. ತುಂಬಾ ಜನ ಹೀಗೇ ನಂಬಿದ್ದಾರೆ. ಅದು ಬ್ಯಾಂಕಿನ ಠೇವಣಿ, ಷೇರು, ಬರಬೇಕಾದ ಸಾಲ ಇಂಥವಕ್ಕೆ. ಮನೆ, ಸೈಟಿಗೆ ಅಲ್ಲ.

ಬೇಕಾದದ್ದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಅಫಿಡವಿಟ್ ಹಾಕಿ ತಗೊಳ್ಳುತ್ತಾರೆ. ಈ ಮನೆಯವರು ಹಿಂದೆಯೇ ಮಾಡಿಸಿದ್ದ ವಂಶವೃಕ್ಷದಲ್ಲಿ ದೊಡ್ಡ ಮಗಳ ಹೆಸರಿನ ಮುಂದೆ 'ಮೃತ' ಅಂತ ಮಾತ್ರ ಇತ್ತು. ಕೆಳಗೆ ಖಾಲಿ. ಅಫಿಡವಿಟ್‌ನಲ್ಲಿ ಮನೆಯವರು ಏನು ಬರೆದುಕೊಡುತ್ತಾರೋ ಅದರ ಮೇಲೇ ಅದು ನಿಂತಿರುತ್ತದೆ. ಸೀಲು ಇದೆ ಅಂತ ಸುಮ್ನೆ ನಂಬಿಬಿಡಬಾರದು. ನಾನು ಅಜ್ಜಿಯ ಹತ್ತಿರ ಹಳೇ ರೇಷನ್ ಕಾರ್ಡ್ ಕೇಳಿ ನೋಡಿದೆ. ನಾಲ್ಕು ಮಕ್ಕಳ ಹೆಸರೂ ಇತ್ತು, ಐದನೆಯದು ಇರಲಿಲ್ಲ. ಎದುರುಮನೆಯವರ ಹತ್ತಿರ, ರಸ್ತೆ ತುದಿಯ ದಿನಸಿ ಅಂಗಡಿಯವರ ಹತ್ತಿರ ಮಾತಾಡಿದೆ. ಮೂವತ್ತು ವರ್ಷದಿಂದ ಅಲ್ಲೇ ಇರುವವರಿಗೆ ಗೊತ್ತಿಲ್ಲದ್ದು ಯಾವುದೂ ಇರಲ್ಲ. ಆಮೇಲೆ ಕುಟುಂಬದವರು ಎಲ್ಲರ ಹೆಸರು ಸೇರಿಸಿ ಹೊಸ ವಂಶವೃಕ್ಷ ಮಾಡಿಸಿದರು.

ಋಣಭಾರ ಪತ್ರ, ಅಂದರೆ ಇಸಿ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಆನ್‌ಲೈನ್ ಸಿಕ್ಕಿತು. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅರ್ಜಿ ಹಾಕಿದೆವು. ಆದರೆ ಇಸಿಯಲ್ಲಿ ಕಾಣೋದು ನೋಂದಣಿ ಆದ ವ್ಯವಹಾರ ಮಾತ್ರ. ಪಾಲಿನ ದಾವಾ ನಡೀತಾ ಇದ್ದರೆ ಅದರಲ್ಲಿ ಕಾಣದೆ ಇರಬಹುದು. ಅದಕ್ಕೆ ಇ-ಕೋರ್ಟ್ಸ್ ತಾಣದಲ್ಲಿ ಏಳೂ ಜನರ ಹೆಸರನ್ನು ಬೇರೆ ಬೇರೆ ಸ್ಪೆಲಿಂಗಿನಲ್ಲಿ ಹುಡುಕಿದೆವು. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ವಕೀಲರ ಮೂಲಕ ಪ್ರಕಟಣೆ ಕೊಟ್ಟೆವು. ಯಾರೂ ಬರಲಿಲ್ಲ. ಬರಲಿಲ್ಲ ಅಂದ ಮಾತ್ರಕ್ಕೆ ಯಾರ ಹಕ್ಕೂ ಹೋಗಲ್ಲ, ಅದೂ ನೆನಪಿರಲಿ.

ಅಳಿಯನ ಮನೆಗೆ ಹೋಗೋದು ಎಲ್ಲರಿಗೂ ಕಷ್ಟದ ಕೆಲಸ ಆಗಿತ್ತು. ಎರಡನೇ ಮದುವೆ ಆದಮೇಲೆ ಎರಡೂ ಕಡೆ ಹೋಗಿಬರೋದು ನಿಂತುಹೋಗಿತ್ತು. ಕೊನೆಗೆ ಕಿರಿ ಮಗಳು, ನಾನು, ನಮ್ಮ ಮನೆಯವರು ಒಂದು ಭಾನುವಾರ ಕೆಂಗೇರಿಗೆ ಹೋದೆವು. ಆತ ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡು, ಕಿರಿ ಮಗಳ ಕಡೆ ತಿರುಗಿ, "ಐದು ವರ್ಷದಲ್ಲಿ ಒಂದು ಫೋನಾದ್ರೂ ಮಾಡ್ಬೋದಿತ್ತಲ್ಲಮ್ಮ" ಅಂದರು. ಆಕೆ ಕಣ್ಣು ಒರೆಸಿಕೊಂಡರು. ದುಡ್ಡಿನ ಮಾತು ಐದು ನಿಮಿಷದಲ್ಲಿ ಮುಗಿಯಿತು. ನನ್ನ ಪಾಲೂ ಮಕ್ಕಳಿಗೇ ಹೋಗಲಿ ಅಂದರು. ಆದರೆ ವಕೀಲರು ಒಪ್ಪಲಿಲ್ಲ. ಮಾರುವವರು ಅವರು, ಹಣ ಅವರ ಬ್ಯಾಂಕ್ ಖಾತೆಗೇ ಹೋಗಬೇಕು, ಆಮೇಲೆ ಮಕ್ಕಳಿಗೆ ಕೊಡೋದು ಅವರಿಷ್ಟ ಅಂದರು. ಮುಂದೆ ಯಾರೂ 'ನನಗೆ ಹಣ ಬಂದಿಲ್ಲ' ಅನ್ನಬಾರದು ಅಲ್ವಾ?

ತೀರಿಹೋದ ದೊಡ್ಡ ಮಗಳ ಮಗನಿಗೆ ಇಪ್ಪತ್ತೆರಡು ವರ್ಷ. ಮಗಳಿಗೆ ಹದಿನೇಳು. ಇಲ್ಲಿ ನಾವು ಮತ್ತೆ ನಿಂತೆವು. ಅಪ್ರಾಪ್ತರ ಪಾಲನ್ನು ತಂದೆಯೇ ಆದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಾರಿದರೆ ಆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಅದನ್ನು ಪ್ರಶ್ನಿಸಿ ರದ್ದು ಮಾಡಿಸಬಹುದು. ಅನುಮತಿಗೆ ಅರ್ಜಿ ಹಾಕಬೇಕೋ, ಕಾಯಬೇಕೋ? ಹುಡುಗಿಗೆ 2025ರ ಮೇ ತಿಂಗಳಲ್ಲಿ ಹದಿನೆಂಟು ತುಂಬುತ್ತಿತ್ತು. ಕಾಯೋಣ ಅಂದೆ. ನಮ್ಮ ಮನೆಯವರಿಗೆ ಸಿಟ್ಟು ಬಂತು, ಬಾಡಿಗೆ ದಂಡ ಅಂತ. ನನಗೆ ಮಾತ್ರ ಆ ಹುಡುಗಿ ತಾನೇ ಓದಿ, ತಾನೇ ಒಪ್ಪಿ ಸಹಿ ಹಾಕಬೇಕು ಅನ್ನಿಸಿತ್ತು. ಅದು ಅವಳ ಅಮ್ಮನ ಪಾಲು. ಉಳಿದ ಆರು ಜನರ ಜೊತೆ ಕ್ರಯದ ಕರಾರು ಮಾಡಿಕೊಂಡು, ಸಣ್ಣ ಮೊತ್ತ ಮಾತ್ರ ಮುಂಗಡ ಕೊಟ್ಟೆವು. ಹುಡುಗಿ ಒಪ್ಪದಿದ್ದರೆ ಮುಂಗಡ ವಾಪಸ್ ಅಂತ ಬರೆಸಿದೆವು.

ಆ ತಿಂಗಳುಗಳು ಸುಮ್ಮನೆ ಹೋಗಲಿಲ್ಲ. ಬೆಂಗಳೂರಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದರೆ ಡಿಜಿಟಲ್ ಖಾತೆ, ಇಲ್ಲದೆ ನೋಂದಣಿ ಆಗಲ್ಲ. ಅಜ್ಜಿ ಒಬ್ಬರ ಹೆಸರಲ್ಲಿದ್ದ ಖಾತೆಯನ್ನು ಏಳೂ ಜನರ ಹೆಸರಿಗೆ ಜಂಟಿಯಾಗಿ ಮಾಡಿಸಲು ಅವರು ಓಡಾಡಿದರು. ಹೆಸರಿನ ಒಂದು ಅಕ್ಷರ ಆಧಾರ್‌ಗೆ ತಾಳೆ ಆಗದೆ ಒಮ್ಮೆ ಅರ್ಜಿ ವಾಪಸ್ ಬಂತು. ಬ್ಯಾಂಕ್ ಸಾಲಕ್ಕೆ ನಾವು ಓಡಾಡಿದೆವು. ಬ್ಯಾಂಕಿನ ವಕೀಲರು ಕೇಳಿದ್ದೆಲ್ಲ ನಮ್ಮ ಫೈಲಿನಲ್ಲಿ ಆಗಲೇ ಇತ್ತು.

2025ರ ಜೂನ್‌ನಲ್ಲಿ ನೋಂದಣಿ. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ ಆಗ ಶೇ. 1. ಅದೇ ವರ್ಷ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಯಿತು. ಏಳು ಜನರ ಹೆಸರಿಗೆ ಅವರವರ ಪಾಲಿನ ಲೆಕ್ಕದಲ್ಲಿ ಬೇರೆ ಬೇರೆ ಡಿಡಿ. ಪತ್ರದಲ್ಲಿ ಎರಡು ಮಾತು ವಕೀಲರು ಒತ್ತಿ ಬರೆಸಿದರು: ಯಜಮಾನರು ಯಾವ ವಿಲ್ಲನ್ನೂ ಬರೆದಿಲ್ಲ, ಮುಂದೆ ಬೇರೆ ವಾರಸುದಾರರು ಬಂದರೆ ನಷ್ಟವನ್ನು ಮಾರಿದವರೇ ತುಂಬಿಕೊಡಬೇಕು. ವಿಲ್ ನೋಂದಣಿ ಆಗಲೇಬೇಕು ಅಂತ ಕಾನೂನಿಲ್ಲ, ಬೀರುವಿನಲ್ಲೂ ಇರಬಹುದು, ಅದಕ್ಕೆ.

ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಅಜ್ಜಿಯ ಹೆಬ್ಬೆರಳ ಗುರುತು ಯಂತ್ರಕ್ಕೆ ಸಿಗಲಿಲ್ಲ. ಸವೆದ ಕೈ. ಹುಡುಗಿ ತನ್ನ ಕರ್ಚೀಫಿಂದ ಅಜ್ಜಿಯ ಬೆರಳು ಒರೆಸಿ, ಒತ್ತಿ ಹಿಡಿದಳು. ನಾಲ್ಕನೇ ಸಲಕ್ಕೆ ಬಂತು. ಅವಳ ಸರದಿ ಬಂದಾಗ ಪತ್ರದ ಆ ಪುಟ ಪೂರ್ತಿ ಓದಿದಳು. ತನ್ನ ಅಮ್ಮನ ಹೆಸರಿದ್ದ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಸಹಿ ಹಾಕಿದಳು. ಹಿಂದೆ ಕ್ಯೂ ಇತ್ತು, ಆದರೂ ಯಾರೂ ಅವಸರ ಮಾಡಲಿಲ್ಲ.

ಬೆಲೆ ಐವತ್ತು ಲಕ್ಷ ದಾಟಿದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1ರಷ್ಟು ಟಿಡಿಎಸ್, ಅಂದರೆ ಆದಾಯ ತೆರಿಗೆ, ಹಿಡಿದು ನಾವೇ ಕಟ್ಟಬೇಕಿತ್ತು. ಒಬ್ಬೊಬ್ಬರ ಪಾಲು ಐವತ್ತು ಲಕ್ಷಕ್ಕಿಂತ ಕಡಿಮೆ ಇದ್ದರೂ 2024ರ ಅಕ್ಟೋಬರ್ 1ರಿಂದ ಒಟ್ಟು ಬೆಲೆಯನ್ನೇ ನೋಡುತ್ತಾರೆ. ಮಾರಿದವರು ಏಳು ಜನ, ಕೊಂಡವರು ನಾವಿಬ್ಬರು. ಆ ಟಿಡಿಎಸ್ ಕಟ್ಟೋಕೆ ಹದಿನಾಲ್ಕು 26ಕ್ಯೂಬಿ ಫಾರ್ಮ್! ಎರಡು ರಾತ್ರಿ ಕೂತು ತುಂಬಿದೆ.

ಖಾತೆ ಈಗ ನಮ್ಮ ಹೆಸರಿಗೆ ಬಂದಿದೆ. ಮೂಲಪತ್ರಗಳು ಬ್ಯಾಂಕಿನಲ್ಲಿವೆ. ಮನೆಯ ಫೈಲಿನಲ್ಲಿ ಕ್ರಯಪತ್ರದ ನಕಲಿನ ಹಿಂದೆಯೇ ಆ ಎರಡು ಮರಣ ಪತ್ರಗಳ ದೃಢೀಕೃತ ಪ್ರತಿ ಇಟ್ಟಿದ್ದೇನೆ, ಅಪ್ಪನದು ಮೇಲೆ, ಮಗಳದು ಕೆಳಗೆ.