‘ನಾವು’ ಎಂದರೆ ಯಾರು ಯಾರು?

ಬಾಡಿಗೆದಾರರ ಸಲಹಾ ಕೇಂದ್ರದಲ್ಲಿ ನನಗೆ ಸಿಕ್ಕಿದ್ದು 30 ನಿಮಿಷ. ಹೇಳಿಕೊಳ್ಳಬೇಕಾದದ್ದು ಎರಡು ವರ್ಷದ ಸಂಗತಿ. ಒಂದೇ ಮನೆಯಲ್ಲಿ ನಾಲ್ವರಿದ್ದೆವು. ಒಬ್ಬ ಹೇಳದೆ ಕೇಳದೆ ಗಂಟುಮೂಟೆ ಕಟ್ಟಿದ. ಅವನ ಪಾಲಿನ ಬಾಡಿಗೆಯನ್ನು ಉಳಿದವರೇ ತುಂಬಬೇಕು, ಇಲ್ಲವಾದರೆ ಮುಂಗಡದಲ್ಲಿ ಮುರಿದುಕೊಂಡು ಮನೆ ಖಾಲಿ ಮಾಡಿಸುತ್ತೇನೆ ಎಂದು ಮಾಲೀಕರ ಪತ್ರ ಬಂತು. ಇದರ ಜೊತೆಗೆ ಬಚ್ಚಲುಮನೆಯ ಸೋರುವ ಗೋಡೆಯ ಹಳೆಯ ತಕರಾರು ಬೇರೆ.

ಭೇಟಿಗೆ ಮೂರು ದಿನ ಮುಂಚೆ ಕುಳಿತು ಎಲ್ಲವನ್ನೂ ಬರೆದೆ. ಆರು ಪುಟವಾಯಿತು. ಓದಿ ನೋಡಿದರೆ ಅಹವಾಲಲ್ಲ, ಪುರಾಣ. ಮೊಟಕು ಮಾಡಲು ಹೊರಟಾಗ ಇನ್ನೊಂದು ತೊಡಕು ಕಣ್ಣಿಗೆ ಬಿತ್ತು. ಸಾಲುಸಾಲಿನಲ್ಲೂ ‘ನಾವು’. ನಾವು ಮುಂಗಡ ಕೊಟ್ಟೆವು, ನಾವು ದೂರು ಹೇಳಿದೆವು, ನಾವು ಒಪ್ಪಿದೆವು. ಕೆಂಪು ಪೆನ್ನು ಹಿಡಿದು ಒಂದೊಂದು ‘ನಾವು’ ಪದವನ್ನೂ ಹೊಡೆದುಹಾಕಿ ಅದರ ಮೇಲೆ ಹೆಸರು ಬರೆಯತೊಡಗಿದೆ. ಮುಂಗಡದಲ್ಲಿ ಅರ್ಧ ಹೋದದ್ದು ನನ್ನ ಖಾತೆಯಿಂದ, ಇನ್ನರ್ಧ ಬಿಟ್ಟುಹೋದವನ ಖಾತೆಯಿಂದ. ಗೋಡೆಯ ಬಗ್ಗೆ ಮಾಲೀಕರಿಗೆ ಹೇಳಿದ್ದು ಒಬ್ಬಳೇ, ಅದೂ ಫೋನಿನಲ್ಲಿ. ಒಪ್ಪಿದ್ದಂತೂ ಯಾರೂ ಅಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೆಬ್ಬೆರಳಿನ ಚಿಹ್ನೆ ಒತ್ತಿದ್ದರು, ಅಷ್ಟೇ.

ಆಮೇಲೆ ಕರಾರು ಪತ್ರ ಹುಡುಕಿ ತೆಗೆದೆ. ಎರಡು ವರ್ಷ ಅದರ ಕೊನೆಯ ಪುಟವನ್ನು ನಾನು ನೋಡಿಯೇ ಇರಲಿಲ್ಲ. ಅಲ್ಲಿದ್ದದ್ದು ಮೂರು ಸಹಿ: ನನ್ನದು, ಓಡಿಹೋದವನದು, ಮೊದಲ ವರ್ಷವೇ ಮನೆ ಬಿಟ್ಟ ಒಬ್ಬಳದು. ಈಗ ನನ್ನ ಜೊತೆ ಇರುವ ಇಬ್ಬರ ಹೆಸರು ಎಲ್ಲಿಯೂ ಇಲ್ಲ. ಹಂಚಿಕೊಂಡ ಮನೆಯಲ್ಲಿ ಇದೇ ಮುಖ್ಯ ಎಂದು ತಿಳಿದದ್ದು ಸಲಹೆಗಾರರ ಮುಂದೆ ಕುಳಿತ ಮೇಲೆ. ಎಲ್ಲರೂ ಒಂದೇ ಪತ್ರಕ್ಕೆ ಸಹಿ ಹಾಕಿದ್ದರೆ ಸಾಮಾನ್ಯವಾಗಿ ಹೊಣೆ ಜಂಟಿ. ಒಬ್ಬ ಕೈಕೊಟ್ಟರೆ ಪೂರ್ತಿ ಬಾಡಿಗೆಯನ್ನು ಇನ್ನೊಬ್ಬರಿಂದ ಕೇಳಬಹುದು. ಕೋಣೆಗೊಂದು ಕರಾರು ಇದ್ದರೆ ಅವರವರ ಪಾಲು ಅವರವರದು. ಸಹಿ ಇಲ್ಲದೆ ಸಹನಿವಾಸಿಯ ಕೈಗೆ ಹಣ ಕೊಟ್ಟು ಇರುವವರು ಒಳಬಾಡಿಗೆಯವರೆಂದೋ ಬರೀ ವಾಸಕ್ಕಿರುವವರೆಂದೋ ಎಣಿಕೆಯಾಗಬಹುದು. ಆ ಲೆಕ್ಕದಲ್ಲಿ ನಾನೇ ಅವರ ಮಾಲೀಕನಾಗಿಬಿಡುವ ಸಂಭವವಿತ್ತು! ಕಾನೂನು ಒಂದೊಂದು ಕಡೆ ಒಂದೊಂದು ಬಗೆ, ನಿಜ. ಆದರೆ ಮೊದಲ ಪ್ರಶ್ನೆ ಸಾಮಾನ್ಯವಾಗಿ ಸಹಿಯದೇ.

ದಾಖಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಾರು ಪತ್ರ, ಮಾಲೀಕರ ಪತ್ರ, ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ, ಗೋಡೆಯ ಫೋಟೋಗಳು. ನಕಲು ಒಯ್ದೆ, ಮೂಲ ಮನೆಯಲ್ಲೇ ಇಟ್ಟೆ. ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟುಗಳು ಇನ್ನೂರಕ್ಕೂ ಮೇಲಿದ್ದವು. ಕಳುಹಿಸಿದವರ ಹೆಸರು ಮತ್ತು ದಿನಾಂಕ ಕಾಣುವ ಏಳನ್ನು ಮಾತ್ರ ಮುದ್ರಿಸಿಕೊಂಡೆ, ಇಡೀ ಮಾತುಕತೆಯನ್ನು ಅಳಿಸದೆ ಫೋನಿನಲ್ಲಿ ಉಳಿಸಿಕೊಂಡೆ. ಕೈಯಲ್ಲಿ ಕೊಟ್ಟ ಹಣಕ್ಕೆ ರಸೀದಿ ಇರಲಿಲ್ಲ. ‘ಬಂತು’ ಎಂಬ ಒಂದು ಪದದ ಸಂದೇಶ ಸಿಕ್ಕಿತು. ಅದೇ ರಸೀದಿ ಎಂದುಕೊಂಡೆ.

ಆರು ಪುಟ ಕೊನೆಗೆ ಒಂದಾಯಿತು. ನೆತ್ತಿಯ ಮೇಲೆ ಮೂರು ಪ್ರಶ್ನೆ, ಗಡುವು ಇರುವುದು ಮೊದಲು. ಕೆಳಗೆ ದಿನಾಂಕವಾರು ಘಟನೆಗಳು. ಎರಡು ತಿಂಗಳು ನಾನೇ ಬಾಡಿಗೆ ತಡಮಾಡಿದ್ದನ್ನೂ ಬರೆದೆ. ಬರೆಯುವಾಗ ಕೈ ಹಿಂಜರಿಯಿತು. ಆದರೆ ನಮ್ಮ ಕಡೆಯವರಿಗೇ ಮುಚ್ಚಿಟ್ಟರೆ ಆ ಮಾತು ಮೊದಲು ಹೊರಬರುವುದು ಎದುರು ಪಕ್ಷದ ಬಾಯಿಂದ.

ಸಹಿ ಇಲ್ಲದ ಆ ಇಬ್ಬರಲ್ಲಿ ಒಬ್ಬಳಾದ ಜೊತೆಯವಳು ತಾನೂ ಬರುತ್ತೇನೆ ಎಂದಳು. ಕೇಂದ್ರಕ್ಕೆ ಫೋನ್ ಮಾಡಿ ಕೇಳಿದೆ. ‘ಮೊದಲು ನೀವೊಬ್ಬರೇ ಬನ್ನಿ. ನಿಮ್ಮ ಹಿತ, ಅವರ ಹಿತ ಒಂದೇ ಆಗಿರದಿದ್ದರೆ ಇಬ್ಬರಿಗೂ ನಾವೇ ಸಲಹೆ ಕೊಡಲಾಗುವುದಿಲ್ಲ’ ಎಂದರು. ಅವಳಿಗೆ ಬೇಸರವಾಯಿತು. ನನಗೂ ಮುಜುಗರ.

ಭೇಟಿಯಲ್ಲಿ ಸಲಹೆಗಾರರು ನನ್ನ ಹಾಳೆಯ ಮೇಲೆ ಕಣ್ಣಾಡಿಸಿ ಕೇಳಿದ್ದು: ‘ಈ ಪತ್ರ ನಿಮ್ಮ ಕೈ ಸೇರಿದ್ದು ಯಾವತ್ತು? ಹೇಗೆ?’ ಪತ್ರದಲ್ಲಿದ್ದ ದಿನಾಂಕ ಬರೆದುಕೊಂಡಿದ್ದೆ, ಕೈ ಸೇರಿದ ದಿನವನ್ನಲ್ಲ. ಗಡುವಿನ ಎಣಿಕೆ ಅಲ್ಲಿಂದಲೇ ಶುರುವಾಗಬಹುದಂತೆ. ಅಷ್ಟು ಸಿದ್ಧತೆ ಮಾಡಿಯೂ ಇದೊಂದು ತಪ್ಪಿತ್ತು. ಪುಣ್ಯಕ್ಕೆ ಅಂಚೆ ಲಕೋಟೆಯ ಫೋಟೋವನ್ನು ಗುಂಪಿನಲ್ಲಿ ಹಾಕಿದ್ದೆ. ಫೋನ್ ತೆರೆದು ದಿನ ತೋರಿಸಿದೆ.

ಏಳುವ ಮೊದಲು ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆದು ಓದಿ ತೋರಿಸಿದೆ. ಎರಡು ಕಡೆ ತಿದ್ದಿದರು. ಮನೆಗೆ ಬಂದಾಗ ಜೊತೆಯವಳು ಬಾಗಿಲಲ್ಲೇ ನಿಂತು, ‘ನನ್ನ ವಿಷಯ ಏನೆಂದರು?’ ಎಂದು ಕೇಳಿದಳು. ಕೇಳಲೇ ಇಲ್ಲ ಎಂದೆ. ಆ ಸಂಜೆ ಕುಳಿತು ಅವಳ ಹಾಳೆ ಬರೆದೆವು, ‘ನಾನು’ ಎಂದೇ ಶುರುಮಾಡಿ.