ಹಳೆ ಟ್ರ್ಯಾಕ್ಟರಿಗೆ ಇನ್ನೊಂದರ ಗೇರ್ ಲಿವರ್: ಮೇಲೆ ಕೂತರೆ ಸಾಲದು, ಕೆಳಗೆ ತಲುಪಬೇಕು

ಹಳೆ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಗೋಳೇ. ಉಳುತ್ತಾ ಹೋಗುವಾಗ ಗೇರ್ ತಾನಾಗಿ ಕಳಚಿಕೊಂಡು ನ್ಯೂಟ್ರಲ್‌ಗೆ ಬರುತ್ತದೆ. ಇಲ್ಲವೇ ಗೇರ್ ಲಿವರ್ ಸಡಿಲವಾದ ಹಲ್ಲಿನ ಹಾಗೆ ಎಲ್ಲ ಕಡೆ ಆಡುತ್ತದೆ, ಬೇಕಾದ ಗೇರ್ ಮಾತ್ರ ಸಿಗುವುದಿಲ್ಲ. ಆ ಮಾಡೆಲಿನ ತಯಾರಿಕೆ ನಿಂತು ದಶಕಗಳೇ ಆಗಿರುತ್ತವೆ. ಆಗ ಕಣ್ಣು ಹೋಗುವುದು ಮೂಲೆಯಲ್ಲಿ ತುಕ್ಕು ಹಿಡಿದು ನಿಂತ, ಅದೇ ಜಾತಿಯ ಇನ್ನೊಂದು ಗಾಡಿಯ ಕಡೆಗೆ. ನೋಡೋಕೆ ಎರಡೂ ಒಂದೇ ತರ. ಅದರದ್ದು ಬಿಚ್ಚಿ ಇದಕ್ಕೆ ಹಾಕಿದರೆ ಆಯಿತು, ಅಲ್ವಾ?

ಎಷ್ಟೋ ಸಲ ಆಗುತ್ತದೆ. ಎಷ್ಟೋ ಸಲ ಆದ ಹಾಗೆ ಕಾಣಿಸುತ್ತದೆ, ಅಷ್ಟೇ. ನಾನು ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ಲಿವರ್ ಕೂರುವ ಗೇರ್ ಬಾಕ್ಸಿನ ಕವರ್ ಸರಿಯಾಗಿ ಕೂತಿತು, ಬೋಲ್ಟುಗಳೆಲ್ಲ ಹಿಡಿದವು, ಮುಂದಿನ ಗೇರುಗಳೂ ಬಿದ್ದವು. ರಿವರ್ಸ್ ಮಾತ್ರ ಬರಲಿಲ್ಲ. ಮತ್ತೆ ಬಿಚ್ಚಿ ನೋಡಿದರೆ ಲಿವರಿನ ತುದಿ ಉಗುರಿನಷ್ಟು ಗಿಡ್ಡ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ.

ಒಳಗೆ ಏನಿದೆ

ಗೇರ್ ಲಿವರ್ ಒಂದು ಸನ್ನೆಕೋಲು. ಅದರ ನಡುವೆ ಒಂದು ಗುಂಡು ಇರುತ್ತದೆ. ಆ ಗುಂಡು ಕವರಿನ ಬಟ್ಟಲಿನಲ್ಲಿ ಕೂತು ತಿರುಗುತ್ತದೆ, ಒಂದು ದಪ್ಪ ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ. ಲಿವರ್ ತನ್ನ ಸುತ್ತ ತಾನೇ ತಿರುಗದಿರಲಿ ಅಂತ ಪಕ್ಕದಲ್ಲೊಂದು ಪಿನ್ನು. ಕೆಳಗಿನ ತುದಿ ಶಿಫ್ಟರ್ ರಾಡ್‌ಗಳ ಕಚ್ಚಿಗೆ ಹೋಗಿ ಕೂರುತ್ತದೆ. ರಾಡಿಗೆ ಕವಲಿನಂಥ ಫೋರ್ಕ್ ಬಿಗಿದಿರುತ್ತದೆ, ಫೋರ್ಕ್ ಗೇರನ್ನು ತಳ್ಳುತ್ತದೆ. ತಳ್ಳಿದ ಗೇರ್ ಅಲ್ಲೇ ನಿಲ್ಲಲು ರಾಡಿನ ಗುಳಿಗೆ ಬೀಳುವ ಒಂದು ಬಾಲ್, ಅದರ ಹಿಂದೆ ಒಂದು ಸಣ್ಣ ಸ್ಪ್ರಿಂಗ್. ಇಷ್ಟರ ಜೊತೆಗೆ ರಾಡುಗಳ ನಡುವೆ ಇಂಟರ್‌ಲಾಕ್ ಪಿನ್ನು ಇರುತ್ತದೆ. ಒಂದು ರಾಡ್ ಗೇರಿಗೆ ಹೋದಾಗ ಪಕ್ಕದ ರಾಡ್ ಅಲ್ಲಾಡದ ಹಾಗೆ ತಡೆಯುವುದು ಅದರ ಕೆಲಸ. ಕೆಲವು ಗಾಡಿಗಳಲ್ಲಿ ಪಿನ್ನಿನ ಬದಲು ಕವರಿನೊಳಗಿನ ಒಂದು ತಗಡು ಇದನ್ನು ಮಾಡುತ್ತದೆ.

ಕಣ್ಣಿಗೆ ಕಾಣುವುದು ಗುಂಡಿನಿಂದ ಮೇಲಿನ ಭಾಗ. ತಾಳೆ ಆಗಬೇಕಾದದ್ದು ಗುಂಡಿನಿಂದ ಕೆಳಗಿನ ಭಾಗ. ಮೇಲಿನ ಬಾಗು, ಹಿಡಿಯ ಗುಂಡು, ಉದ್ದ ಇವೆಲ್ಲ ಡ್ರೈವರಿನ ಅನುಕೂಲಕ್ಕೆ.

ಮೊದಲು ರೋಗ ಯಾವುದು ನೋಡಿ

ಗೇರ್ ಕಳಚಿದ ಕೂಡಲೇ ಲಿವರಿನ ಮೇಲೆ ಗೂಬೆ ಕೂರಿಸಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಗಾಲಿಗಳಿಗೆ ಎರಡೂ ಕಡೆ ಅಡ್ಡ ಕೊಡಿ, ಬ್ಯಾಟರಿಯ ವೈರ್ ತೆಗೆಯಿರಿ. ಕವರಿನ ಸುತ್ತ ಕೂತ ಮಣ್ಣು, ಗ್ರೀಸು ಎಲ್ಲವನ್ನೂ ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು ಒರೆಸಿ.

ಈ ತೊಳೆಯುವ ಕೆಲಸಕ್ಕೆ ಸೋಮಾರಿತನ ಮಾಡಬೇಡಿ. ಫೋರ್ಡ್ 9ಎನ್, 2ಎನ್, 8ಎನ್ ಮತ್ತು ಫರ್ಗುಸನ್ ಟಿಇ20 ಇಂಥ ಗಾಡಿಗಳಲ್ಲಿ ಗೇರ್ ಬಾಕ್ಸ್, ಹಿಂದಿನ ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಗೇರ್ ಬಾಕ್ಸಿಗೆ ಬಿದ್ದ ಮರಳಿನ ಕಾಳು ಸುಮ್ನೆ ತಳದಲ್ಲಿ ಕೂರುವುದಿಲ್ಲ, ಹೈಡ್ರಾಲಿಕ್ ಪಂಪಿನವರೆಗೂ ಹೋಗಬಹುದು.

ಈಗ ಕವರಿನ ಬೋಲ್ಟು ಬಿಚ್ಚಿ ನೇರವಾಗಿ ಮೇಲಕ್ಕೆ ಎತ್ತಿ. ಓರೆಯಾಗಿ ಎಳೆಯಬೇಡಿ. ಕೆಲವು ಮಾಡೆಲ್‌ಗಳಲ್ಲಿ ರಾಡು, ಫೋರ್ಕು ಎಲ್ಲ ಕವರಿಗೇ ನೇತಾಡುತ್ತಾ ಬರುತ್ತವೆ. ಇನ್ನು ಕೆಲವದರಲ್ಲಿ ಬರೀ ಲಿವರ್ ಮೇಲೆ ಬರುತ್ತದೆ, ಉಳಿದದ್ದು ಬಾಕ್ಸಿನಲ್ಲೇ ಇರುತ್ತದೆ. ಎರಡನೇ ತರದ್ದಾದರೆ ಪರೀಕ್ಷೆ ಸುಲಭ. ಒಂದು ದೊಡ್ಡ ಸ್ಕ್ರೂ ಡ್ರೈವರ್ ಹಾಕಿ ಒಂದೊಂದೇ ರಾಡನ್ನು ಹಿಂದೆ ಮುಂದೆ ತಳ್ಳಿ. ಹಲ್ಲಿಗೆ ಹಲ್ಲು ಎದುರಾಗಿ ತಡೆದರೆ ಎಂಜಿನ್ನನ್ನು ಕೈಯಿಂದ ಸ್ವಲ್ಪ ತಿರುಗಿಸಿ ಮತ್ತೆ ತಳ್ಳಿ. ಪ್ರತಿ ಗೇರಿಗೂ 'ಟಕ್' ಅಂತ ಕೂತು ನಿಂತರೆ ರಾಡು, ಬಾಲ್, ಸ್ಪ್ರಿಂಗ್ ಇವು ಹೆಚ್ಚು ಕಡಿಮೆ ಚೆನ್ನಾಗಿವೆ, ಮೊದಲ ಅನುಮಾನ ಲಿವರಿನ ಮೇಲೆ. ಸಡಿಲವಾಗಿ ಜಾರಿದರೆ ಬಾಲ್, ಸ್ಪ್ರಿಂಗ್ ಅಥವಾ ರಾಡಿನ ಗುಳಿ ಸವೆದಿದೆ. ಫೋರ್ಕ್ ಬಾಗಿದ್ದರೆ, ಗೇರಿನ ಹಲ್ಲು ಒಂದು ಕಡೆ ಚೂಪಾಗಿದ್ದರೆ, ಶಾಫ್ಟಿನ ಬೇರಿಂಗ್‌ನಲ್ಲಿ ಪ್ಲೇ (ಸಡಿಲ) ಇದ್ದರೆ ಯಾವ ಲಿವರ್ ತಂದು ಹಾಕಿದರೂ ಗೇರ್ ಕಳಚುತ್ತಲೇ ಇರುತ್ತದೆ.

ಲಿವರಿನ ತುದಿಯನ್ನೂ ನೋಡಿ. ಚಪ್ಪಟೆಯಾಗಿ, ಅಂಚು ಚೂಪಾಗಿ ಇರಬೇಕಾದದ್ದು ಹಳೆ ಗಾಡಿಯಲ್ಲಿ ಚೀಪಿದ ಹಾಗೆ ದುಂಡಗಾಗಿರುತ್ತದೆ. ಗುಂಡಿನಿಂದ ತುದಿಗೆ 10 ಸೆಂ.ಮೀ., ಗುಂಡಿನಿಂದ ಹಿಡಿಗೆ 50 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಕೆಳಗೆ 1 ಮಿ.ಮೀ. ಸವೆದರೆ ಕೈಗೆ ಸಿಗುವ ಪ್ಲೇ 5 ಮಿ.ಮೀ. ಹಾಗಾಗಿ ಮೇಲೆ ಲಿವರ್ ಜಾಸ್ತಿ ಆಡಿದ ಮಾತ್ರಕ್ಕೆ ಕೆಳಗೆಲ್ಲ ಹಾಳಾಗಿದೆ ಅಂತ ಗಾಬರಿ ಬೇಡ.

ಯಾವುದರದ್ದು ಯಾವುದಕ್ಕೆ

ಬಣ್ಣ, ಬಾನೆಟ್ಟು, ಹೆಸರು ನೋಡಿ ತೀರ್ಮಾನ ಮಾಡುವಂತಿಲ್ಲ. ಮೊದಲು ಎಣಿಸಬೇಕಾದದ್ದು ಗೇರು. 1939ರಲ್ಲಿ ಬಂದ ಫೋರ್ಡ್ 9ಎನ್ ಮತ್ತು ಯುದ್ಧಕಾಲದ 2ಎನ್ ಎರಡಕ್ಕೂ ಮುಂದಕ್ಕೆ 3 ಗೇರು. 1947ರಿಂದ 1952ರವರೆಗೆ ತಯಾರಾದ 8ಎನ್‌ಗೆ 4. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಆದರೆ 3 ಗೇರು ಮತ್ತು ರಿವರ್ಸಿಗೆ ಲಿವರ್ ಓಡಾಡಲು ಎರಡು ಸಾಲು ಸಾಕು, 4 ಗೇರು ಮತ್ತು ರಿವರ್ಸಿಗೆ ಮೂರು ಸಾಲು ಬೇಕು. 9ಎನ್‌ಗೂ 2ಎನ್‌ಗೂ ನಡುವೆ ಅದಲು ಬದಲು ಯೋಚಿಸಬಹುದು, 8ಎನ್ ಜೊತೆ ಹಾಗೆ ಧೈರ್ಯ ಮಾಡಬೇಡಿ.

ಫೋರ್ಡ್ 600 ಸಾಲಿನಲ್ಲಿ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. 640ಕ್ಕೆ 4 ಗೇರು, 650 ಮತ್ತು 660ಕ್ಕೆ 5. ಹೊರಗಿನ ತಗಡು ಒಂದೇ, ಗೇರ್ ಬಾಕ್ಸ್ ಬೇರೆ. ಆದರೆ ಇಷ್ಟು ವರ್ಷದಲ್ಲಿ ಯಾರೋ ಬಾಕ್ಸನ್ನೇ ಬದಲಿಸಿರಬಹುದು. ಬೋರ್ಡಿನ ಮೇಲಿನ ನಂಬರಿಗಿಂತ ಕೈಯಲ್ಲಿ ಗೇರ್ ಹಾಕಿ ಎಣಿಸಿದ ಲೆಕ್ಕ ನಂಬಿ.

ಫೋರ್ಡ್ ಭಾಗಗಳಲ್ಲಿ ಇನ್ನೊಂದು ಅನುಕೂಲವಿದೆ. ಭಾಗದ ನಂಬರಿನ ಮೊದಲ ಅಕ್ಷರಗಳು ಆ ಭಾಗ ಮೊದಲು ಯಾವ ಮಾಡೆಲ್‌ಗೆ ತಯಾರಾಯಿತು ಅಂತ ಹೇಳುತ್ತವೆ. 8ಎನ್ ಗಾಡಿಯ ಒಂದು ಭಾಗಕ್ಕೆ 9ಎನ್ ಅಂತ ಶುರುವಾಗುವ ನಂಬರ್ ಇದ್ದರೆ ಅದು ಹಿಂದಿನಿಂದ ಹಾಗೇ ಮುಂದುವರಿದು ಬಂದದ್ದು, ಎರಡಕ್ಕೂ ಹೊಂದುತ್ತದೆ. ನಡುವಿನ ಸಂಖ್ಯೆ 7000ದ ಗುಂಪಿನದ್ದಾದರೆ ಅದು ಗೇರ್ ಬಾಕ್ಸಿನ ಸಾಮಾನು. ಬೇರೆ ಕಂಪನಿಯ ಗಾಡಿಗಳಿಗೂ ಪಾರ್ಟ್ಸ್ ಪುಸ್ತಕ ಸಿಕ್ಕರೆ ಎರಡೂ ಮಾಡೆಲಿನ ಪುಸ್ತಕ ತೆರೆದು ನಂಬರ್ ತಾಳೆ ನೋಡಿ. ಒಂದು ಎಚ್ಚರ. ಎರಕದ ಮೇಲೆ ಉಬ್ಬಿ ಬಂದಿರುವ ನಂಬರ್ ಎರಕದ್ದು. ಅದೇ ಎರಕಕ್ಕೆ ಬೇರೆ ಬೇರೆ ತೂತು ಕೊರೆದು ಬೇರೆ ಬೇರೆ ಭಾಗ ಮಾಡಿರುತ್ತಾರೆ.

ಫರ್ಗುಸನ್ ಟಿಇ20 ವಿಷಯ ಬೇರೆಯೇ. 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ ಇದು, ಹಾಗಾಗಿ ಬಿಡಿ ಸಾಮಾನಿಗೆ ಬರವಿಲ್ಲ. ಇದರ ಗೇರ್ ಲಿವರಿಗೆ 'ಎಸ್' ಅಂತ ಒಂದು ಜಾಗವಿದೆ. ಲಿವರನ್ನು ಅಲ್ಲಿಗೆ ತಂದರೇನೇ ಸ್ಟಾರ್ಟರ್ ತಿರುಗುವುದು. ಗೇರಿನಲ್ಲಿ ಇರುವಾಗ ಗಾಡಿ ಸ್ಟಾರ್ಟ್ ಆಗುವ ಪ್ರಶ್ನೆಯೇ ಇಲ್ಲ. ಎಷ್ಟು ಸರಳ, ಎಷ್ಟು ಜಾಣತನ! ಇದಕ್ಕೆ ಇನ್ಯಾವುದೋ ಲಿವರ್ ಹಾಕಿ, ಸ್ಟಾರ್ಟ್ ಆಗದಿದ್ದಾಗ ಒಂದು ಬಟನ್ ಸಿಕ್ಕಿಸಿದವರಿದ್ದಾರೆ. ಅಲ್ಲಿಗೆ ಆ ಕಾವಲು ಹೋಯಿತು. ಗಾಡಿ ಗೇರಿನಲ್ಲಿರುವುದು ತಿಳಿಯದೆ ಕೆಳಗೆ ನಿಂತು ಬಟನ್ ಒತ್ತಿದರೆ ಹಿಂದಿನ ಗಾಲಿ ಮೈಮೇಲೇ ಬರುತ್ತದೆ. ಇಂಥ ಅದಲು ಬದಲು ನನ್ನ ಪ್ರಕಾರ ಮಾಡಲೇಬಾರದು.

ಇದರ ನಂತರದ ಫರ್ಗುಸನ್ 35ಕ್ಕೆ 6 ಮುಂದಿನ ಗೇರು, 2 ರಿವರ್ಸ್, ಹೈ-ಲೋಗೆ (ಹೆಚ್ಚು-ಕಡಿಮೆ ವೇಗಕ್ಕೆ) ಬೇರೆಯೇ ಲಿವರ್. ಟಿಇ20 ಜೊತೆ ಹೋಲಿಸುವ ಮಾತೇ ಇಲ್ಲ.

ಫಾರ್ಮಾಲ್ ಎಚ್ ಮತ್ತು ಎಂ ಗಾಡಿಗಳಿಗೆ 5 ಗೇರು. ಕಬ್ಬಿಣದ ಗಾಲಿಯ ಜೊತೆ ಮಾರಿದ ಗಾಡಿಗಳಲ್ಲಿ ರಸ್ತೆಯ 5ನೇ ಗೇರ್ ಬೀಳದ ಹಾಗೆ ತಡೆ ಹಾಕಿರುತ್ತಿದ್ದರು. ಆ ಗಾಲಿಯಲ್ಲಿ ವೇಗವಾಗಿ ಓಡಿಸಿದರೆ ಗಾಡಿಯೂ ಉಳಿಯದು, ಸೊಂಟವೂ ಉಳಿಯದು. ಇಂಥ ಗಾಡಿಯ ಸಾಮಾನು ತಂದು ರಬ್ಬರ್ ಟೈರಿನದ್ದಕ್ಕೆ ಹಾಕಿ, ಐದನೇ ಗೇರ್ ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳುವ ಮೊದಲು ಆ ತಡೆ ಇದೆಯೇ ನೋಡಿ.

ಮೇಜಿನ ಮೇಲೆ ಪಕ್ಕ ಪಕ್ಕ

ಎರಡೂ ಕವರುಗಳನ್ನು ತೊಳೆದು ಒಣಗಿಸಿ ಮೇಜಿನ ಮೇಲೆ ಇಡಿ. ವರ್ನಿಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲ್ ಸ್ಕೇಲ್ ಸಾಕು. ಗುಂಡಿನ ನಡುವಿನಿಂದ ಕೆಳತುದಿಯವರೆಗಿನ ಉದ್ದ ಅಳೆಯಿರಿ. ಆಮೇಲೆ ಗುಂಡಿನ ದಪ್ಪ. ಆಮೇಲೆ ತುದಿಯ ಅಗಲ, ದಪ್ಪ ಎರಡೂ. ಪಿನ್ನಿನ ಸೀಳು ಯಾವ ಕಡೆ ಇದೆ ನೋಡಿ. ಸೀಳು ತಿರುಗಿದ್ದರೆ ತುದಿಯೂ ಅಡ್ಡ ತಿರುಗಿರುತ್ತದೆ. ಹಳೆ ತುದಿ ಸವೆದಿರುವುದರಿಂದ ಅದರ ಅಳತೆಗೆ ಹೊಸದನ್ನು ಹೊಂದಿಸಲು ಹೋಗಬೇಡಿ. ರಾಡಿನ ಕಚ್ಚು ಎಷ್ಟು ಅಗಲವಿದೆ, ಎಷ್ಟು ಆಳವಿದೆ ನೋಡಿ ಅದಕ್ಕೆ ತಾಳೆ ಹಾಕಿ.

ಬೋಲ್ಟಿನ ತೂತುಗಳಿಗೆ ಒಂದು ರಟ್ಟು ಸಾಕು. ಒಂದು ಕವರಿನ ಮೇಲೆ ರಟ್ಟು ಒತ್ತಿ ಗುರುತು ಮಾಡಿ, ತೂತು ಮಾಡಿ ಇನ್ನೊಂದರ ಮೇಲಿಡಿ. ಎಲ್ಲ ತೂತು ಕೂಡಿದವೋ ಇಲ್ಲವೋ ಕ್ಷಣದಲ್ಲಿ ಗೊತ್ತಾಗುತ್ತದೆ.

ಬೋಲ್ಟು ಸಣ್ಣದು, ಕಾಟ ದೊಡ್ಡದು. ಅರ್ಧ ಇಂಚಿನ ಬ್ರಿಟಿಷ್ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು, ಅಮೆರಿಕದ ಯುಎನ್‌ಸಿ ಬೋಲ್ಟಿಗೆ 13. ಮೊದಲ ಒಂದೆರಡು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಪಾನಾ ಹಾಕಿ ಬಲವಂತ ಮಾಡಿದರೆ ಎರಕದ ಹಲ್ಲೇ ಹೋಗುತ್ತದೆ. ನಿಮ್ಮ ಗಾಡಿಯ ಬೋಲ್ಟುಗಳನ್ನೇ ಬಳಸಿ. ಕವರಿನ ಅಂಚು ತೆಳುವಾಗಿದ್ದರೆ ಅದೇ ಬೋಲ್ಟು ಈಗ ಜಾಸ್ತಿ ಆಳಕ್ಕೆ ಇಳಿಯುತ್ತದೆ ಅನ್ನುವುದನ್ನು ಮರೆಯಬೇಡಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬಿಗಿಯುವಾಗ ಎರಕ ಸೀಳಬಹುದು. ಬಟ್ಟೆ ತುದಿ ಇಳಿಸಿ ಒರೆಸಿಬಿಡಿ.

ಇಷ್ಟೆಲ್ಲ ನೋಡಿದ ಮೇಲೆ ಹೊಂದದಿದ್ದರೆ? ಇನ್ನೊಂದರ ಲಿವರ್ ಬಿಟ್ಟು ನಿಮ್ಮದರ ತುದಿಯನ್ನೇ ವೆಲ್ಡಿಂಗ್‌ನಿಂದ ತುಂಬಿಸಿ, ಅರದಿಂದ ಉಜ್ಜಿ ಅಳತೆಗೆ ತರಬಹುದು. ನಿಜ ಹೇಳಬೇಕೆಂದರೆ ಬರೀ ತುದಿ ಸವೆದಿದ್ದರೆ ನನಗೆ ಅದಲು ಬದಲಿಗಿಂತ ಇದೇ ಇಷ್ಟ. ಆದರೆ ಲಿವರನ್ನು ಹೊರಗೆ ತೆಗೆದು ಮಾಡಿಸಿ, ಬಾಕ್ಸಿನ ಮೇಲೆ ವೆಲ್ಡಿಂಗ್ ಕಿಡಿ ಬೀಳಬಾರದು.

ಜೋಡಿಸುವುದು

ಲಿವರ್ ಒಂದನ್ನೇ ಬದಲಿಸುವುದಾದರೆ ಗುಂಡು ಬಟ್ಟಲಿನಲ್ಲಿ ಪ್ಲೇ ಇಲ್ಲದೆ, ಬಿಗಿಯೂ ಇಲ್ಲದೆ ಕೂರಬೇಕು. ಬಟ್ಟಲೂ ಸವೆದಿದ್ದರೆ ಕವರ್ ಸಮೇತ ತನ್ನಿ. ರಾಡು, ಫೋರ್ಕು, ಬಾಲ್ ಮುಟ್ಟುವುದಾದರೆ ಪೂರ್ತಿ ಒಂದೇ ಗಾಡಿಯ ಸೆಟ್ ತನ್ನಿ, ಅಲ್ಲಿಂದೊಂದು ಇಲ್ಲಿಂದೊಂದು ಬೇಡ. ಇಂಟರ್‌ಲಾಕ್ ತಗಡು ಕವರಿನಲ್ಲಿದ್ದರೆ ಅದು ಆ ಕವರಿನ ಜೊತೆಗೇ ಇರಲಿ.

ರಾಡು ಎಳೆಯುವಾಗ ತೂತಿನ ಬಾಯಿಗೆ ಬಟ್ಟೆ ಹಿಡಿಯಿರಿ. ಬಾಲ್ ಬಂದೂಕಿನ ಗುಂಡಿನ ಹಾಗೆ ಹಾರುತ್ತದೆ. ಒಂದು ಸಲ ಬಾಕ್ಸಿನೊಳಗೆ ಬಿದ್ದ ಬಾಲನ್ನು ದಾರಕ್ಕೆ ಕಟ್ಟಿದ ಅಯಸ್ಕಾಂತದಲ್ಲಿ ಮೀನು ಹಿಡಿದ ಹಾಗೆ ಅರ್ಧ ದಿನ ಹುಡುಕಿದ್ದೇನೆ. ಸ್ಪ್ರಿಂಗ್ ಗಟ್ಟಿಯದ್ದು ಹಾಕಿದರೆ ಗೇರ್ ಕಳಚುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಕಳಚದೇ ಇರಬಹುದು. ಆದರೆ ಗೇರ್ ಹಾಕಲು ಲಿವರನ್ನು ಒದೆಯಬೇಕಾಗುತ್ತದೆ, ಫೋರ್ಕ್ ಬಾಗುತ್ತದೆ. ಫೋರ್ಕಿನ ಸ್ಕ್ರೂಗಳಿಗೆ ಮೊದಲು ತಂತಿ ಕಟ್ಟಿದ್ದರೆ ಹೊಸ ತಂತಿ ಕಟ್ಟಿ.

ಕವರಿನಡಿಯ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪವಿರಲಿ. ದಪ್ಪ ಪ್ಯಾಕಿಂಗ್ ಹಾಕಿದರೆ ಕವರ್ ಮೇಲೇಳುತ್ತದೆ, ತುದಿ ಕಚ್ಚಿನಿಂದ ಅಷ್ಟು ಮೇಲೆ ಬರುತ್ತದೆ. ಸಿಲಿಕಾನ್ ಪೇಸ್ಟನ್ನು ಗೋಡೆಗೆ ಮೆತ್ತಿದ ಹಾಗೆ ಮೆತ್ತಬೇಡಿ, ಒಳಗೆ ಉಕ್ಕಿದ್ದು ಎಣ್ಣೆಗೆ ಬೀಳುತ್ತದೆ. ಎಲ್ಲ ರಾಡುಗಳ ಕಚ್ಚು ಒಂದೇ ಸಾಲಿನಲ್ಲಿ, ಅಂದರೆ ನ್ಯೂಟ್ರಲ್‌ನಲ್ಲಿ ಇರುವಾಗ ಮಾತ್ರ ಕವರ್ ಇಳಿಸಿ. ಕವರ್ ತಾನಾಗಿ ಕೂರಬೇಕು. ಬೋಲ್ಟು ಬಿಗಿದು ಕೂರಿಸಬೇಕಾಗಿ ಬಂದರೆ ತುದಿ ಎಲ್ಲೋ ತಪ್ಪು ಜಾಗದಲ್ಲಿದೆ.

ನೆಲ ಮುಟ್ಟುವ ಮೊದಲು

ಇಂಟರ್‌ಲಾಕನ್ನು ಕವರ್ ಮುಚ್ಚುವ ಮೊದಲೇ ನೋಡಿರಬೇಕು: ಒಂದು ರಾಡನ್ನು ಗೇರಿಗೆ ತಳ್ಳಿ, ಪಕ್ಕದ್ದನ್ನು ಸ್ಕ್ರೂ ಡ್ರೈವರಿನಿಂದ ತಳ್ಳಿ ನೋಡಿ. ಅಲ್ಲಾಡಬಾರದು. ಅಲ್ಲಾಡಿದರೆ ಪಿನ್ನು ಹಾಕಲು ಮರೆತಿದ್ದೀರಿ ಅಥವಾ ಅದು ಸವೆದಿದೆ. ಒಟ್ಟಿಗೆ ಎರಡು ಗೇರ್ ಬಿದ್ದರೆ ಬಾಕ್ಸ್ ಕಚ್ಚಿಕೊಳ್ಳುತ್ತದೆ, ಹಲ್ಲು ಮುರಿಯುತ್ತದೆ. ತಗಡಿನ ತರದ್ದಾದರೆ ಈ ಪರೀಕ್ಷೆಯನ್ನು ಕವರನ್ನೂ ಲಿವರನ್ನೂ ಮೇಜಿನ ಮೇಲೆ ಆಡಿಸಿ ನೋಡಬೇಕಾಗುತ್ತದೆ.

ಕವರ್ ಮುಚ್ಚಿದ ಮೇಲೆ ಎಂಜಿನ್ ಬಂದ್ ಇರುವಾಗಲೇ ಎಲ್ಲ ಗೇರುಗಳಿಗೂ ಹೋಗಿ ಬನ್ನಿ. ರಿವರ್ಸ್ ಬಿಡಬೇಡಿ! ಲಿವರ್ ಕವರಿನ ಅಂಚಿಗೆ ಬಡಿದು ನಿಂತರೆ ಗೇರ್ ಪೂರ್ತಿ ಕೂತಿಲ್ಲ ಎಂದರ್ಥ. ಅರ್ಧ ಕೂತ ಗೇರ್ ಮುಂದೆ ಕಳಚುವುದೂ ಗ್ಯಾರಂಟಿ, ಹಲ್ಲು ಹಾಳಾಗುವುದೂ ಗ್ಯಾರಂಟಿ. ಆಮೇಲೆ ಹಿಂದಿನ ಎರಡೂ ಗಾಲಿ ನೆಲದಿಂದ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಗಾಲಿಗೆ ಅಡ್ಡ ಕೊಟ್ಟು ಸೀಟಿನಲ್ಲಿ ಕೂತೇ ಸ್ಟಾರ್ಟ್ ಮಾಡಿ. ಈ ಹಳೆ ಬಾಕ್ಸುಗಳಲ್ಲಿ ಕೆಲವದರಲ್ಲಿ ಗೇರೇ ಜಾರಿ ಗೇರಿಗೆ ಕೂರುವುದು. ಕ್ಲಚ್ ಒತ್ತಿ, ಒಳಗಿನ ಸುತ್ತು ನಿಂತ ಮೇಲೆ ಗೇರ್ ಹಾಕಿ. ಗರಗರ ಸದ್ದು ಬಂದರೆ ಲಿವರಿಗೆ ಬೈಯಬೇಡಿ, ಕ್ಲಚ್ ನೋಡಿ.

ಕೊನೆಗೆ ಹೊಲ. ಹಗುರ ಕೆಲಸ ಕೊಟ್ಟು ಏರಿನಲ್ಲಿ ಒಂದು ಸುತ್ತು, ಎಂಜಿನ್ ಗಾಡಿಯನ್ನು ತಡೆಯುವ ಸಣ್ಣ ಇಳಿಜಾರಿನಲ್ಲಿ ಒಂದು ಸುತ್ತು, ಬ್ರೇಕ್ ಮೇಲೆ ಕಾಲಿಟ್ಟು. ಕೆಲವು ಗೇರುಗಳು ಎಳೆಯುವಾಗ ಗಟ್ಟಿ ನಿಂತು ಇಳಿಜಾರಿನಲ್ಲಿ ಮಾತ್ರ ಕಳಚುತ್ತವೆ. ಏಳೆಂಟು ಗಂಟೆ ಕೆಲಸ ಆದ ಮೇಲೆ ಬೋಲ್ಟು ಒಮ್ಮೆ ಬಿಗಿ ನೋಡಿ, ಎಣ್ಣೆಯ ಮಟ್ಟವನ್ನೂ ನೋಡಿ. ತೆಗೆದ ಹಳೆ ಲಿವರಿಗೆ ಮಾಡೆಲ್ ಹೆಸರು, ಗುಂಡಿನಿಂದ ತುದಿಯ ಅಳತೆ ಬರೆದ ಒಂದು ಚೀಟಿ ಕಟ್ಟಿ ಗೋಡೆಗೆ ನೇತು ಹಾಕಿ. ತುದಿ ತುಂಬಿಸಿದರೆ ಅದೇ ಮುಂದಿನ ಸಲಕ್ಕೆ ಬರುತ್ತದೆ.